ಭಾವನ ಹೆಸರಿನ ವರ್ಷಗಳು

ಅವಳು ಏನೋ ಮುಚ್ಚಿಡುತ್ತಿದ್ದಾಳೆ. ಬಸ್ಸಿನ ಕಿಟಕಿಯ ಗಾಜಿನಲ್ಲಿ ಹೆಂಡತಿಯ ಮುಖ ನೋಡುತ್ತ ಅವನು ಅದನ್ನು ಖಚಿತಮಾಡಿಕೊಂಡ. ನೇರವಾಗಿ ನೋಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಗಾಜಿನಲ್ಲಾದರೆ ಅವಳ ಮುಖದ ಮೇಲೆ ಅಂಗಡಿಗಳು, ಮರಗಳು, ಯಾರದೋ ಸೈಕಲ್ಲು ಹಾದುಹೋಗುತ್ತವೆ; ಮುಖ ಮಾತ್ರ ಕದಲುವುದಿಲ್ಲ.

"ಬೆಳಿಗ್ಗೆ ಯಾರ ಫೋನು?"

"ಅಣ್ಣಂದು."

"ಏನಂತೆ?"

"ಏನಿಲ್ಲ. ಮಂಡಿನೋವಂತೆ."

ಅಣ್ಣನ ಮಂಡಿನೋವು ಕೇಳಲು ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಮಾತಾಡಬೇಕೆ? ಅವಳು ಚೀಲದಿಂದ ಕಿತ್ತಳೆ ತೆಗೆದು, ಸುಲಿದು, ನಾರು ಬಿಡಿಸಿ ಒಂದೊಂದೇ ತೊಳೆ ಅವನ ಅಂಗೈಗೆ ಹಾಕಿದಳು. ಇಷ್ಟು ಉಪಚಾರ ಯಾಕೆ ಎಂದುಕೊಳ್ಳುತ್ತಲೇ ತಿಂದ. ಹುಳಿಯಾಗಿತ್ತು.

ಊರಿನಲ್ಲಿ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದವನು. ಹೆಂಡತಿಯ ಅಣ್ಣ ಕರೆಸಿಕೊಂಡನೆಂದು ಈ ಪರದೇಶಕ್ಕೆ ಬಂದಿಳಿದಾಗ ಅವಳಿಗೆ ಕೆಲಸದ ಪರ್ಮಿಟ್ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಭಾವನಿಗೆ ಪರ್ಮಿಟ್ ಇತ್ತು, ಬೇಕಾಗಿರಲಿಲ್ಲ. ಅವನು ಯಾರದೋ ವ್ಯಾನು ಓಡಿಸಿಕೊಂಡು, ಯಾವ ದಾಖಲೆಯೂ ಇಲ್ಲದೆ ಕೈಗೆ ಕೈ ಸಂಬಳ ತೆಗೆದುಕೊಳ್ಳುತ್ತಿದ್ದ. "ಮನೇಲಿ ಒಂದು ಕಾರ್ಡು ಸುಮ್ನೆ ಕೂತಿದೆ ಮೇಷ್ಟ್ರೇ. ನಾನಾಗಿ ಹೋಗಿ ದುಡೀರಿ. ಇವರ ಕಣ್ಣಿಗೆ ನಮ್ಮ ಮೂತಿಗಳೆಲ್ಲ ಒಂದೇ" ಎಂದು ಬೆನ್ನು ತಟ್ಟಿದ್ದ. ಆ ಮಾತು ನಿಜವಾಯಿತು. ಫೋಟೋ ಕಡೆಗೆ ಯಾರೂ ಎರಡನೇ ಸಲ ನೋಡಲಿಲ್ಲ.

ಹೀಗೆ ಅವನು ಭಾವನಾಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಗೆ ಸೇರಿದ. ಹೆಂಡತಿ ಅಲ್ಲಿ ಮೊದಲೇ ಕೆಲಸಕ್ಕಿದ್ದಳು. ಕಾಗದದ ಪ್ರಕಾರ ಇಬ್ಬರೂ ಒಂದೇ ತಂದೆಯ ಮಕ್ಕಳು. ಸೂಪರ್‌ವೈಸರಿಗೆ ನಮ್ಮ ಭಾಷೆ ಬರುತ್ತಿದ್ದುದರಿಂದ ಅವಳು ಅವನನ್ನು ಅಣ್ಣ ಎಂದೇ ಕರೆಯಬೇಕಾಯಿತು. ಮೊದಮೊದಲು ನಾಲಿಗೆ ತಡವರಿಸಿತು. ಆಮೇಲೆ ಸಲೀಸಾಯಿತು. ಎಷ್ಟು ಸಲೀಸಾಯಿತೆಂದರೆ, ಮನೆಯಲ್ಲಿ 'ರೀ' ಎನ್ನುವುದಕ್ಕೂ ಯೋಚಿಸುವ ಹೆಂಗಸು ಲಾಂಡ್ರಿಯ ಹಬೆಯಲ್ಲಿ ಅವನಿಗೆ 'ನೀನು' ಎನ್ನತೊಡಗಿದಳು. ಗದರುತ್ತಿದ್ದಳು, ಅವನ ಸೊಟ್ಟ ನಡಿಗೆಯನ್ನು ಅಣಕಿಸುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಂಜೆ ಮನೆಯ ಬೀಗ ತೆಗೆದೊಡನೆ ಆ ನಗು ಎಲ್ಲಿಗೋ ಹೋಗುತ್ತಿತ್ತು. ಗಂಡನಿಗಿಂತ ಅಣ್ಣನಾಗಿಯೇ ತಾನು ಅವಳಿಗೆ ಹೆಚ್ಚು ಇಷ್ಟವಾಗಿದ್ದೆನೇ ಎಂಬ ಪ್ರಶ್ನೆಯನ್ನು ಅವನು ಯಾರ ಮುಂದೂ ಇಟ್ಟವನಲ್ಲ. ಆಮೇಲೆ ಅವನ ಹೆಸರಿಗೇ ಪರ್ಮಿಟ್ ಬಂತು, ಬೇರೆ ಕೆಲಸ ಸಿಕ್ಕಿತು, 'ನೀನು' ನಿಂತೇಹೋಯಿತು.

ಓದಿದ್ದೆಲ್ಲ ಒಂದು ಹೆಸರಿನಲ್ಲಿ, ಮೈಮುರಿದು ದುಡಿದದ್ದೆಲ್ಲ ಇನ್ನೊಂದು ಹೆಸರಿನಲ್ಲಿ. ಈಗ ಹೊಸ ನಿಯಮ ಬಂದಿದೆ: ಬೇರೆಯವರ ಕಾರ್ಡಿನಲ್ಲಿ ದುಡಿದವರು ಬಂದು ಒಪ್ಪಿಕೊಳ್ಳಬಹುದು, ಶಿಕ್ಷೆಯಿಲ್ಲ, ದುಡಿದದ್ದು ತಾವೇ ಎಂದು ತೋರಿಸಿದರೆ ಆ ವರ್ಷಗಳು ಅವರ ಲೆಕ್ಕಕ್ಕೆ. ಲಾಂಡ್ರಿಯ ವರ್ಷಗಳು ಸೇರಿದರೆ ಅವನಿಗೆ ಸರ್ಕಾರದ ಪಿಂಚಣಿ, ಸೇರದಿದ್ದರೆ ಇಲ್ಲ. ತೊಂದರೆಯೇನೆಂದರೆ ಭಾವನಿಗೂ ಈಗ ವಯಸ್ಸಾಗಿದೆ. ಆ ವರ್ಷಗಳು ಕೈತಪ್ಪಿದರೆ ಅವನ ಪಿಂಚಣಿಯೂ ಇಲ್ಲ. ಲಾಂಡ್ರಿ ಮುಚ್ಚಿದೆ. ಸೂಪರ್‌ವೈಸರ್ ಸತ್ತಿದ್ದಾನೆ. ತಾನು ದುಡಿದದ್ದನ್ನು ಕಂಡ ಕಣ್ಣುಗಳು ಒಂದೇ ಜೊತೆ ಉಳಿದಿವೆ. ಅವೀಗ ಕಿಟಕಿಯಾಚೆ ನೋಡುತ್ತಿವೆ.

ಪಿಂಚಣಿ ಕಚೇರಿಯ ಕುರ್ಚಿಗಳನ್ನು ಒಂದಕ್ಕೊಂದು ಬೆಸೆದಿದ್ದರು. ಅವಳು ಕಾಲು ಅಲುಗಿಸಿದರೆ ಅವನ ಕುರ್ಚಿಯೂ ಅಲುಗುತ್ತಿತ್ತು. ಯಾಕೆ ಕಾಲು ಅಲುಗಿಸುತ್ತಿದ್ದಾಳೆ?

ಒಳಗಿನಿಂದ ಭಾವನ ಹೆಸರು ಕೂಗಿದರು. ಫೈಲು ಇದ್ದದ್ದು ಆ ಹೆಸರಿನಲ್ಲಿಯೇ. ಅವನು ಥಟ್ಟನೆ ಎದ್ದುನಿಂತ. ಇಷ್ಟು ವರ್ಷಗಳ ಮೇಲೂ ಕಾಲುಗಳು ಆ ಹೆಸರಿಗೆ ವಿಧೇಯವಾಗಿದ್ದವು. ಹಿಂದಿನ ಸಾಲಿನಲ್ಲಿ ಇನ್ನೊಂದು ಕುರ್ಚಿ ಕಿರುಗುಟ್ಟಿತು. ತಿರುಗಿ ನೋಡಿದರೆ ಭಾವ, ಮಂಡಿ ಹಿಡಿದುಕೊಂಡು ಏಳುತ್ತಿದ್ದಾನೆ.

"ಕೂತ್ಕೊಳ್ಳಿ ಮೇಷ್ಟ್ರೇ" ಎಂದ ಭಾವ ನಗುತ್ತ. "ಕರೆದದ್ದು ನನ್ನನ್ನ."

ಅವನು ಹೆಂಡತಿಯತ್ತ ತಿರುಗಿದ. "ಬರ್ತಾನೆ ಅಂತ ನಿಂಗೆ ಗೊತ್ತಿತ್ತು."

"ಹೇಳಿದ್ರೆ ನೀವು ಬರ್ತಿದ್ರಾ?" ಎಂದಳು ಅವಳು, ಚೀಲದ ಹಿಡಿ ಸರಿಮಾಡಿಕೊಳ್ಳುತ್ತ.

ಮೂವರೂ ಒಳಗೆ ಹೋದರು. ಅಧಿಕಾರಿ ನೆಗಡಿಯಿಂದ ಮೂಗು ಕೆಂಪಾಗಿದ್ದ ಹೆಂಗಸು. ಭಾವ ತನಗೆ ಬರುವ ಅರೆಬರೆ ಇಲ್ಲಿಯ ಭಾಷೆಯಲ್ಲಿ, ದುಡಿದವನು ತಾನೇ ಎಂದೂ, ತಂಗಿಯ ಗಂಡ ಓದಿದವರು, ಆಗೆಲ್ಲ ಮನೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದರೆಂದೂ ಹೇಳಿದ. ಎಷ್ಟು ನಿರಾಳವಾಗಿ ಹೇಳಿದನೆಂದರೆ ಕೇಳುತ್ತಿದ್ದ ಅವನಿಗೇ ಆ ಪುಸ್ತಕ, ಆ ಕುರ್ಚಿ, ಕಿಟಕಿಯ ಬೆಳಕು ಕಣ್ಣಿಗೆ ಕಟ್ಟಿತು. ತನ್ನ ಸರದಿ ಬಂದಾಗ ಅವನು ವ್ಯಾಕರಣ ತಪ್ಪದ ವಾಕ್ಯಗಳಲ್ಲಿ ಎಲ್ಲವನ್ನೂ ವಿವರಿಸಿದ. ಉರುಹೊಡೆದು ಬಂದವನಂತೆ ಕೇಳಿಸಿತು, ಅವನಿಗೂ.

ಅಧಿಕಾರಿ ಅವಳನ್ನು ನೋಡಿ ಕೇಳಿದಳು: "ನಿಮ್ಮ ಜೊತೆ ಲಾಂಡ್ರಿಯಲ್ಲಿ ಇದ್ದದ್ದು ಯಾರು?"

"ನನ್ನ ಗಂಡ."

ತಡವರಿಸದೆ ಹೇಳಿದಳು. ಭಾವ ತಂಗಿಯನ್ನು ನೋಡಲಿಲ್ಲ, ಮಂಡಿ ಉಜ್ಜಿಕೊಂಡ. ಗಂಡನಿಗೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭವಾಗಿ ಹೇಳುವವಳು ನಲ್ಲಿ ಬಿಟ್ಟುಕೊಂಡು ಏನು ಮಾತಾಡಿದಳು?

ಹೆಂಡತಿಯ ಮಾತೊಂದೇ ಸಾಲದು ಎಂದಳು ಅಧಿಕಾರಿ. ಹೆಂಡತಿ ಮತ್ತೇನು ಹೇಳಿಯಾಳು? ಕರವಸ್ತ್ರಕ್ಕೆ ಸೀನಿ, ಸ್ವಲ್ಪ ಯೋಚಿಸಿ, ಆಸ್ಪತ್ರೆಯ ಚಾದರ ಮಡಿಸಲು ಇಬ್ಬರು ಬೇಕಲ್ಲವೇ ಎಂದು ಕೇಳಿದಳು. ಬೇಕು ಎಂದು ಮೂವರೂ ಒಪ್ಪಿದರು. ಹಾಗಾದರೆ ಮಡಿಸಿ ತೋರಿಸಿ, ಚಾದರ ಇದೆ ಅಂದುಕೊಳ್ಳಿ, ಮೊದಲು ಇವರೊಂದಿಗೆ, ಆಮೇಲೆ ಅವರೊಂದಿಗೆ.

ಭಾವ ಹೆಮ್ಮೆಯಿಂದ ಕೈಚಾಚಿದ. ಅವಳೂ ಚಾಚಿದಳು. ಇಬ್ಬರೂ ಒಟ್ಟಿಗೇ ನಡೆದು ನಡುವೆ ಸೇರಿದರು. ಅವಳ ಬೆರಳು ಅವನ ಬೆರಳಿಗೆ ತಾಕಿತು, ಹಿಂದೆ ಸರಿದರು, ಮತ್ತೆ ಸೇರಿದರು. ಚಿಕ್ಕಂದಿನಲ್ಲಿ ತಾಯಿಯ ಸೀರೆ ಹೀಗೇ ಮಡಿಸಿರಬೇಕು. ನೋಡಲು ಚೆನ್ನಾಗಿತ್ತು. ಅಧಿಕಾರಿ ತಲೆಯಾಡಿಸಿದಳು.

ಆದರೆ ಲಾಂಡ್ರಿಯಲ್ಲಿ ಮಡಿಸುತ್ತಿದ್ದದ್ದು ಹಾಗಲ್ಲ. ತನ್ನ ಬೆನ್ನಿಗೆ ಅಂಟಿದಂತೆ ಕಾದ ಇಸ್ತ್ರಿ ರೋಲರ್ ಇರುತ್ತಿತ್ತು. ಯಂತ್ರದ ಕಡೆ ನಿಂತವನು ಕದಲಬಾರದು. ಎದುರಿನವರೇ ನಡೆದು ಬಂದು ತಮ್ಮ ತುದಿಗಳನ್ನು ಅವನ ಬೆರಳಿಗೆ ಸಿಕ್ಕಿಸಬೇಕು. ಅವನು ಯಂತ್ರದ ಕಡೆ. ಅವಳು ನಡೆಯುವವಳು. ಇದು ಇಬ್ಬರಿಗೆ ಮಾತ್ರ ಗೊತ್ತು. ಭಾವನಿಗೆ ಗೊತ್ತಿರಲು ಸಾಧ್ಯವಿಲ್ಲ. ಅವನಿಗೆ ಗೆಲುವಿನಂಥದೇನೋ ಆಯಿತು. ತನ್ನ ಸರದಿಗೆ ಫೈಲುಗಳ ಬೀರುವಿಗೆ ಬೆನ್ನುಮಾಡಿ ನಿಂತು ಎರಡು ಕೈ ಎತ್ತಿ ಹಿಡಿದ.

ಅವಳು ಎದುರಿಗೆ ನಿಂತು ಕೈ ಎತ್ತಿದಳು.

ಬರಲಿಲ್ಲ.

ಮರೆತಿದ್ದಾಳೆ. ಇಲ್ಲ, ಮರೆಯುವ ಮಾತೇ ಇಲ್ಲ. ಅಣ್ಣನಿಗೆ ಬಾಯಲ್ಲಿ ಕೊಡದ ಸಾಕ್ಷಿಯನ್ನು ಕಾಲಲ್ಲಿ ಕೊಡುತ್ತಿದ್ದಾಳೆ. ಇಲ್ಲವೇ ಇಷ್ಟು ವರ್ಷ ನಾನೇ ನಡೆದು ಬಂದೆ, ಒಂದು ಸಲ ನೀವು ಬನ್ನಿ ಎನ್ನುತ್ತಿದ್ದಾಳೆ. ಅವಳ ಮುಖದಲ್ಲಿ ಇವುಗಳಲ್ಲಿ ಯಾವುದೂ ಇರಲಿಲ್ಲ, ಎಲ್ಲವೂ ಇತ್ತು. ಅವನು ಮುಂದೆ ಹೆಜ್ಜೆಯಿಟ್ಟರೆ ಕೆಲಸ ಮುಗಿಯಿತು. ಅಧಿಕಾರಿಗೆ ಯಂತ್ರವೂ ಗೊತ್ತಿಲ್ಲ, ನಿಯಮವೂ ಗೊತ್ತಿಲ್ಲ. ಆದರೆ ಕದಲಿದರೆ, ತನ್ನ ಲೆಕ್ಕದಲ್ಲೇ ಅವನು ಲಾಂಡ್ರಿಯಲ್ಲಿ ಇದ್ದವನೇ ಅಲ್ಲ. ಅಥವಾ ಯಂತ್ರದ ಕಡೆ ನಿಂತಿದ್ದವಳು ಅವಳೇ ಇರಬಹುದೆ? ಬೆನ್ನು ಸುಟ್ಟ ನೆನಪು ಯಾರದು?

"ಶುರುಮಾಡಿ" ಎಂದಳು ಅಧಿಕಾರಿ.

"ಬಾ" ಎಂದ ಅವನು, ಅಧಿಕಾರಿಗೆ ತಿಳಿಯದ ಭಾಷೆಯಲ್ಲಿ.

"ನೀವು ಬನ್ನಿ" ಎಂದಳು ಅವಳು.

ತೋಳುಗಳು ನೋಯತೊಡಗಿದವು. ಅವಳೂ ಕೈ ಇಳಿಸಲಿಲ್ಲ. ಕೋಣೆಯ ಈ ತುದಿಗೂ ಆ ತುದಿಗೂ ಇಲ್ಲದ ಚಾದರವೊಂದು ಜೋಲುತ್ತಿತ್ತು, ಬೆಳ್ಳಗೆ, ಒದ್ದೆಯಾಗಿ, ಒಂದು ಹೆಣವನ್ನು ಹೊತ್ತಷ್ಟು ಭಾರವಾಗಿ. ಅದು ನೆಲಕ್ಕೆ ತಾಗದಂತೆ ಇಬ್ಬರೂ ಬಿಗಿಯಾಗಿ ಎಳೆದು ಹಿಡಿದು ನಿಂತೇ ಇದ್ದರು.