ಬೀಗರು ಚಹಾ ಮುಟ್ಟಲಿಲ್ಲ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಣೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ತಾಹೆರಾ ಈ ಗಾದೆಯನ್ನು ಎಷ್ಟು ಸಲ ಹಲಗೆಯ ಮೇಲೆ ಬರೆದು ಅರ್ಥ ಹೇಳಿದ್ದಳೋ. ಆದರೂ ಆಡಬಾರದ ಮಾತೊಂದನ್ನು ಆಡಿದಳು. ಅದೂ ಮನೆಗೆ ಬಂದ ಅತಿಥಿಗೆ, ಹೆಣ್ಣು ಹೆತ್ತ ತಂದೆಗೆ.

ಅದು ನಡೆದು ಹನ್ನೊಂದು ವರ್ಷವಾಯಿತು. ಆಗ ಗಂಡ ಸಿರಾಜ್ ಬದುಕಿದ್ದರು. ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಕ್ರೇನುಗಳ ಇಂಜಿನಿಯರು. ಪೆಟಾಲಿಂಗ್ ಜಯಾದಲ್ಲಿ ಹದಿನಾಲ್ಕನೆಯ ಮಹಡಿಯ ಮನೆ; ಶಾಲೆ ಬಿಟ್ಟು ತಾಹೆರಾಳೂ ಅಲ್ಲಿಗೇ ಬಂದಿದ್ದಳು. ಒಬ್ಬನೇ ಮಗ ಮುಯೀನ್ ತನ್ನ ಜೊತೆ ಓದಿದ ಝುಹುರಾಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದು ಕೂತಿದ್ದ. ಝುಹುರಾ ಆಫ್ರಿಕಾದವಳು, ತಾಂಜಾನಿಯಾ ದೇಶದ ತಾಂಗಾ ಎಂಬ ಕಡಲೂರಿನವಳು.

"ನಮಾಜು ಐತಿ, ರೋಜಾ ಐತಿ, ಓದ್ಯಾಳ. ಇನ್ನೇನು ಬೇಕವ್ವಾ ನಿನಗ?"

"ನಾಳೆ ರಾಣೆಬೆನ್ನೂರಾಗ ನಾಲ್ಕು ಮಂದಿ ಮುಂದ ಹೆಂಗ ಮಾರಿ ಎತ್ತಲಿ, ಅದನ್ನ ಹೇಳು."

"ಆ ನಾಲ್ಕು ಮಂದಿ ನಮ್ಮ ಮನಿಗೆ ಬಂದು ಎಷ್ಟು ವರ್ಷಾತು?" ಎಂದು ಕೇಳಿದ ಮಗ.

ಹುಡುಗಿಯ ತಂದೆ ಬಕಾರಿ ಓಮಾರಿ ಸಾಮಾನ್ಯರಲ್ಲ. ಮೀನುಗಾರನ ಮಗನಾಗಿ ಹುಟ್ಟಿ, ಶಾಲೆಯ ಮೇಷ್ಟರಾಗಿ, ಆಮೇಲೆ ತಮ್ಮ ದೇಶದ ರಾಯಭಾರಿಯಾಗಿ, ಕೊನೆಗೆ ಹೊಡೆದಾಡುವ ದೇಶಗಳ ನಡುವೆ ಕೂತು ಸಂಧಾನ ಮಾಡುವ ಕೆಲಸಕ್ಕೆ ನಿಂತವರು. ಎರಡು ಯುದ್ಧಗಳನ್ನು ಅವರು ನಿಲ್ಲಿಸಿದ್ದರು. ಮೂರನೆಯದನ್ನು ನಿಲ್ಲಿಸಲು ಹೆಣಗುತ್ತಿದ್ದಾಗ ಹೆಂಡತಿ ತೀರಿಕೊಂಡಳು. ಇವರು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಇದ್ದೊಬ್ಬ ಮಗಳ ಸಂಬಂಧ ಕೇಳಲು ತಾವೇ ಬರುವುದಾಗಿ ಹೇಳಿ ಎರಡು ದಿನದ ಬಿಡುವು ಮಾಡಿಕೊಂಡು ಹೊರಟಿದ್ದರು.

ತಾಹೆರಾ ಒಂದು ತಿಂಗಳು ಅತ್ತಳು. ಇಸ್ತಿಖಾರಾ ನಮಾಜು ಮಾಡಿ ಅಲ್ಲಾಹನ ಸೂಚನೆ ಬೇಡಿದಳು. ಕೊನೆಗೆ ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಳು. ಆ ಮನುಷ್ಯ ನನ್ನ ಮನೆಯಲ್ಲಿ ಕೂತು, ನಾನು ಮಾಡಿದ್ದನ್ನು ಪ್ರೀತಿಯಿಂದ ತಿಂದರೆ ಅದೇ ಸೂಚನೆ, ಹ್ಞೂಂ ಅಂದುಬಿಡುತ್ತೇನೆ. ಇದನ್ನು ಗಂಡನಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ನಸುಕಿನಲ್ಲೇ ಎದ್ದು ಶೇಂಗಾ ಹೋಳಿಗೆ ಬೇಯಿಸಿದಳು, ಚಕ್ಕುಲಿ ಕರಿದಳು. ನಿಜ ಹೇಳಬೇಕೆಂದರೆ, ಅವರು ತಿನ್ನಲಿ ಎಂದು ಅವಳೇ ಒಳಗೊಳಗೆ ಹಾರೈಸಿದ್ದಳು.

ಬಕಾರಿಯವರು ಬಂದರು. ಎತ್ತರದ ಆಳು, ಬಿಳಿಯ ಜುಬ್ಬಾ, ತಲೆಯ ಮೇಲೆ ಕಸೂತಿಯ ಟೋಪಿ. ಒಂದು ಗಂಟೆ ಮೆಲ್ಲನೆ ಇಂಗ್ಲಿಷಿನಲ್ಲಿ ಮಾತಾಡಿದರು. ಸಿರಾಜ್ ಎರಡು ಸಲ "ತಗೊಳ್ಳಿ, ಆರಿ ಹೋಗುತ್ತದೆ" ಎಂದರು. ಅವರು ಎದೆಯ ಮೇಲೆ ಕೈಯಿಟ್ಟು, "ಮಾತು ಮುಗಿಯಲಿ, ಆಮೇಲೆ" ಎಂದರು. ತಾಹೆರಾ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಲೇ ಇದ್ದಳು. ಹೋಳಿಗೆ ಮುರಿಯಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಅವಳು ಸಿಟ್ಟಿನಿಂದ ಬಾಗಿಲು ದಾಟಿ ಬಂದು ಗಂಡನಿಗೆ ಹೇಳಿದಳು:

"ನಮ್ಮ ಮನಿ ನೀರು ಸುದ್ದಾ ಮುಟ್ಟದವರ ಜೋಡಿ ಎಂಥಾ ಬೀಗತನ? ಕಾಗಿ ಗೂಡಿನ್ಯಾಗ ಕೋಗಿಲಿ ಹುಟ್ಟೂದಿಲ್ಲ. ಎಬ್ಬಿಸಿ ಕಳಸ್ರಿ ಇವರನ್ನ."

ಕೋಗಿಲೆ ಹುಟ್ಟುವುದೇ ಕಾಗೆಯ ಗೂಡಿನಲ್ಲಿ ಎಂದು ಮಕ್ಕಳಿಗೆ ಪಾಠ ಹೇಳಿದವಳೂ ಅವಳೇ. ಸಿಟ್ಟಿಗೆ ಪಾಠದ ನೆನಪಿರುತ್ತದೆಯೇ?

ಸಿರಾಜ್ ತಲೆ ತಗ್ಗಿಸಿದರು. ಬಕಾರಿಯವರು ಮುಯೀನನ ಕಡೆ ತಿರುಗಿ, "ತಾಯಿಯವರು ಏನು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಅವರಿಗೆ ಇನ್ನಷ್ಟು ಸಮಯ ಬೇಕಂತೆ" ಎಂದು ಮುಯೀನ್ ಸುಳ್ಳು ಹೇಳಿದ. ಮೂವತ್ತು ವರ್ಷ ಶತ್ರುಗಳ ಮುಖ ಓದಿದವರಿಗೆ ಆ ಸುಳ್ಳು ತಿಳಿಯದೆ ಇದ್ದೀತೇ? ಎದ್ದು ನಿಂತರು, ತಾಹೆರಾಳ ಕಡೆ ಬಾಗಿ ಸಲಾಂ ಹೇಳಿದರು, ಹೊರಟುಹೋದರು.

ಮದುವೆ ನಿಲ್ಲಲಿಲ್ಲ. ನಿಕಾಹ್ ಆದ ದಿನ ತಾಹೆರಾ ರಾಣೆಬೆನ್ನೂರಿನಲ್ಲಿ ತಂಗಿಯ ಮನೆಯಲ್ಲಿ ಮುಸುಕೆಳೆದು ಮಲಗಿದ್ದಳು. ಎರಡು ವರ್ಷದ ಮೇಲೆ ಮೊಮ್ಮಗಳು ನಿದಾ ಹುಟ್ಟಿದಳು. ಕೂಸಿನ ಮುಖ ನೋಡಿದ ಮೇಲೆ ಅಜ್ಜಿಯ ಬಿಗುಮಾನ ಎಷ್ಟು ದಿನ ನಿಂತೀತು? ಝುಹುರಾ ಅತ್ತೆಗೆ ಎಂದೂ ಎದುರಾಡಲಿಲ್ಲ. ರೊಟ್ಟಿ ಬಡಿಯುವುದನ್ನು ಕಲಿತಳು, ಕನ್ನಡ ಕಲಿತಳು. ಮಹಾಮಾರಿಯ ವರ್ಷ ಸಿರಾಜ್ ಆಸ್ಪತ್ರೆ ಸೇರಿದಾಗ, ಫೋನಿನಲ್ಲೇ ಅವರ ಕೊನೆಯ ಮಾತು ಕೇಳಿಸಿದ್ದೂ ಅವಳೇ.

ಆ ಕೊನೆಯ ಮಾತು ಇದು: "ತಾಹೆರಾ, ಬೀಗರ ಕಡೆ ಮಾಫಿ ಕೇಳಿಬಿಡು. ಅಲ್ಲಾಹ ತನ್ನ ಹಕ್ಕು ಬಿಟ್ಟಾನು. ಮನುಷ್ಯಾರ ಹಕ್ಕು ಮನುಷ್ಯಾರ ಬಿಡಬೇಕು, ನೊಂದವರ ಬಾಯಿಂದನ ಮಾಫಿ ಬರಬೇಕು."

ಅವಳು ಹ್ಞೂಂ ಅಂದಿದ್ದಳು. ಆದರೆ ಕೇಳಲಿಲ್ಲ. ಈದಿನ ದಿನ ಬಕಾರಿಯವರು ಫೋನು ಮಾಡಿದರೆ ಸಲಾಂ ಹೇಳಿ ಸೊಸೆಯ ಕೈಗೆ ದಾಟಿಸುತ್ತಿದ್ದಳು. ಮಾತು ನನ್ನದು ತಪ್ಪು, ನಿಜ. ಆದರೆ ಮೊದಲ ತಪ್ಪು ಅವರದು. ಮನೆಯ ಅನ್ನವನ್ನು ತಿರಸ್ಕರಿಸಿದವರು ಅವರು. ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ವರ್ಷಗಳನ್ನು ಕಳೆದಳು.

ಕಳೆದ ವರ್ಷ ಬಕಾರಿಯವರೇ ಮಲೇಷ್ಯಾಕ್ಕೆ ಬಂದರು. ದೂರದ ಒಂದು ದ್ವೀಪದ ಸರಕಾರಕ್ಕೂ ಅಲ್ಲಿನ ಬಂಡುಕೋರರಿಗೂ ಇಲ್ಲಿ ಮಾತುಕತೆ; ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅದರ ಮುಂದಾಳತ್ವ ಅವರ ಹೆಗಲಿಗೆ ಬಿದ್ದಿತ್ತು. ವಾರವೆಲ್ಲ ಹೋಟೆಲಿನ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಮಗಳ ಮನೆಯ ಊಟಕ್ಕೆ ಬರುತ್ತಿದ್ದರು.

"ಬ್ಯಾಸರಾದ್ರ ಇರ್ಲಿ ಬಿಡವ್ವಾ, ಕೆಳಗ ಮಮಾಕ್ ಖಾನಾವಳಿಯಿಂದ ಊಟ ತಪಾವ್ ಮಾಡಿಸ್ಕೊಂಡು ಬರ್ತೀನಿ" ಎಂದ ಮುಯೀನ್ ಮೊದಲ ಶುಕ್ರವಾರ.

"ಬೀಗರಿಗೆ ಪೊಟ್ಟಣದ ಅನ್ನ ಹಾಕ್ತಿ ಏನು? ನಾಚಿಕಿ ಐತೋ ಇಲ್ಲೋ?"

ತಾಹೆರಾ ತಾನೇ ಅಡುಗೆಗೆ ನಿಂತಳು. ಬಕಾರಿಯವರು ಎರಡು ಸಲ ಬಡಿಸಿಕೊಂಡು ಉಂಡರು. ಅವಳಿಗೆ ಸಂತೋಷವಾಯಿತು, ಒಳಗೊಂದು ಮುಳ್ಳೂ ಚುಚ್ಚಿತು. ಈಗ ಮಗಳ ಮನೆಯೆಂದು ಉಣ್ಣುತ್ತಾರೆ, ಅಂದು ನನ್ನ ಮನೆಯೆಂದು ಉಣ್ಣಲಿಲ್ಲ.

ಹೀಗೆ ನಾಲ್ಕು ತಿಂಗಳಾದ ಮೇಲೆ ಒಂದು ಶುಕ್ರವಾರ. ನಿದಾಳಿಗೆ ಶಾಲೆಯಲ್ಲಿ ಮನೆಯ ಹಿರಿಯರೊಬ್ಬರ ಕೆಲಸದ ಬಗ್ಗೆ ಹತ್ತು ಪ್ರಶ್ನೆ ಕೇಳಿಕೊಂಡು ಬರಲು ಹೇಳಿದ್ದರು. ಅಜ್ಜನನ್ನು ಅವಳು ಅವರ ಭಾಷೆಯಲ್ಲೇ ಬಾಬು ಎಂದು ಕರೆಯುವುದು.

"ಬಾಬು, ಟೆನ್ ಕ್ವೆಶ್ಚನ್ಸ್ ಲಾ! ಯು ಆನ್ಸರ್ಡ್ ಓನ್ಲಿ ಫೋರ್. ಡೋಂಟ್ ಸ್ಲೀಪ್!"

"ಕನ್ನಡದಾಗ ಕೇಳಿದ್ರ ಹೋಳಿಗಿ, ಇಂಗ್ಲಿಷಿನ್ಯಾಗ ಕೇಳಿದ್ರ ಬರೀ ತಾಟು" ಎಂದಳು ತಾಹೆರಾ ಬಟಾಣಿ ಸುಲಿಯುತ್ತ.

"ಬಾಬುಗೆ ಕನ್ನಡ ಬರಲ್ಲ ಅಜ್ಜಿ!" ಎಂದು ಮಗು ಗೆದ್ದುಬಿಟ್ಟಿತು.

ಐದನೆಯ ಪ್ರಶ್ನೆ: ನಿಮ್ಮ ಕೆಲಸದಲ್ಲಿ ಎಂದೂ ಮುರಿಯಬಾರದ ನಿಯಮ ಯಾವುದು?

ಬಕಾರಿಯವರ ಮುಖದ ನಗು ಇಳಿಯಿತು. "ಎರಡೂ ಕಡೆಯವರು ಒಂದೇ ಮೇಜಿಗೆ ಬರುವತನಕ ಅವರಲ್ಲಿ ಯಾರ ಮನೆಯಲ್ಲೂ ಏನನ್ನೂ ತಿನ್ನಬಾರದು" ಎಂದರು. "ಹೊಸತರಲ್ಲಿ ನನಗಿದು ತಿಳಿದಿರಲಿಲ್ಲ. ಒಂದು ಬೆಟ್ಟದ ನಾಡಿನಲ್ಲಿ ಸೇನಾಧಿಪತಿಯ ಮನೆಯಲ್ಲಿ ಒಂದು ಮಾವಿನಹಣ್ಣು ತಿಂದೆ. ಸುದ್ದಿ ಆ ಕಡೆಗೆ ಹೋಯಿತು. ಇವನು ಅವರ ಕಡೆಯವನು ಎಂದು ಎದ್ದುಹೋದರು. ಅವರನ್ನು ಮತ್ತೆ ಕರೆತರಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನದಲ್ಲಿ ನದಿಯಾಚೆ ಒಂದು ಹಳ್ಳಿಯೇ ಸುಟ್ಟುಹೋಯಿತು. ಅಂದಿನಿಂದ ಮಾತು ಮುಗಿಯುವ ಮೊದಲು ನಾನು ಮಾತಿಗೆ ಕೂತವರ ಮನೆಯ ನೀರನ್ನೂ ಮುಟ್ಟಿಲ್ಲ."

"ಎವರ್?" ಎಂದಳು ನಿದಾ.

"ಎಂದೂ ಇಲ್ಲ. ಒಮ್ಮೆ ಮಾತ್ರ ಆ ನಿಯಮವನ್ನು ಸಲ್ಲದ ಕಡೆ ಪಾಲಿಸಿದೆ ಮಗು. ಅಲ್ಲಿ ನಾನು ಸಂಧಾನದವನಲ್ಲ, ಬೇಡಲು ಹೋದವನು. ಅಭ್ಯಾಸ ಕೈಯನ್ನು ಹಿಡಿದುಬಿಟ್ಟಿತು. ಇದನ್ನು ಬರೆಯಬೇಡ."

ತಾಹೆರಾಳ ಕೈಯಲ್ಲಿದ್ದ ಸಿಪ್ಪೆ ಕೈಯಲ್ಲೇ ಉಳಿಯಿತು. ಹನ್ನೊಂದು ವರ್ಷ ಅವಳು ಊರಿಕೊಂಡು ನಿಂತಿದ್ದ ಕೋಲನ್ನು ಯಾರೋ ಎಳೆದುಕೊಂಡ ಹಾಗಾಯಿತು. ಮೊದಲ ತಪ್ಪು ಅವರದೆಂಬ ಮಾತು ಇನ್ನು ನಿಲ್ಲುವಂತಿರಲಿಲ್ಲ. ಉಳಿದದ್ದು ಅವಳ ತಪ್ಪು ಒಂದೇ.

ಆಗಲೇ ಕೇಳಬಹುದಿತ್ತು. ಎದುರಿಗೇ ಕೂತಿದ್ದರು, ಮೂರು ಮಾರು ದೂರ. ಆದರೆ ಸೊಸೆ ಇದ್ದಳು, ಮಗು ಇತ್ತು. ಬೀಗರು ದಣಿದಿದ್ದಾರೆ, ಉಂಡಿದ್ದಾರೆ, ಉಂಡ ಮನುಷ್ಯನ ಮುಂದೆ ಹಳೆಯ ವಿಷ ಯಾಕೆ ತೆಗೆಯಲಿ, ಬರುವ ಶುಕ್ರವಾರ ಕೇಳಿದರಾಯಿತು ಎಂದುಕೊಂಡಳು. ಒಳ್ಳೆಯ ಕೆಲಸಕ್ಕೆ ವಾರ ನೋಡುವವನ ಬೆನ್ನಿಗೇ ಶೈತಾನ ಕೂತಿರುತ್ತಾನೆ.

ಆ ಶುಕ್ರವಾರ ಅವರು ಬರಲಿಲ್ಲ, ಮಾತುಕತೆ ಬಿಗಿಯಾಗಿತ್ತು. ಅದರ ಮುಂದಿನ ಬುಧವಾರ, ಎರಡೂ ಕಡೆಯವರು ಎದುರುಬದುರು ಕೂತಿದ್ದಾಗಲೇ ಬಕಾರಿಯವರು ಕುರ್ಚಿಯಿಂದ ಪಕ್ಕಕ್ಕೆ ವಾಲಿದರು. ಪಾರ್ಶ್ವವಾಯು.

ಆಸ್ಪತ್ರೆಯಲ್ಲಿ ನಾಲ್ಕು ದಿನದ ಮೇಲೆ ಕಣ್ಣು ತೆರೆದರು. ಬಲಗೈ ಹೋಗಿತ್ತು. ಮಾತು ತೊದಲಿದರೂ ತಿಳಿಯುತ್ತಿತ್ತು. "ಆದ್ರೆ ಅವ್ವ, ಅಪ್ಪ ಇನ್ನೂ ಮೀಟಿಂಗಲ್ಲೇ ಇದ್ದೀನಿ ಅಂದ್ಕೊಂಡಿದಾರೆ" ಎಂದು ಝುಹುರಾ ಹೊರಗೆ ಬೆಂಚಿನ ಮೇಲೆ ಕೂತು ಅತ್ತಳು. "ನನ್ನನ್ನೇ ಸೆಕ್ರೆಟರಿ ಅಂತಾರೆ."

"ನಾ ಒಬ್ಬಾಕಿನ ಒಳಗ ಹೋಗ್ತೀನಿ" ಎಂದಳು ತಾಹೆರಾ. "ಸ್ವಲ್ಪ ಮಾತು ಐತಿ."

ಮಧ್ಯಾಹ್ನದ ಬಿಸಿಲು ಪರದೆಯಿಂದ ಸೋಸಿ ಹಾಸಿಗೆಯ ಮೇಲೆ ಬಿದ್ದಿತ್ತು. ಅವಳು ಕುರ್ಚಿ ಎಳೆದುಕೊಂಡಳು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಅಂದು ಆಡಿದ ಮಾತನ್ನು ಮುಚ್ಚದೆ, ಮೆತ್ತಗೆ ಮಾಡದೆ, ಕಾಗೆಯನ್ನು ಕಾಗೆಯೆಂದೇ ಹೇಳಿದಳು. ಕೊನೆಗೆ ಇಂಗ್ಲಿಷು ಕೈಕೊಟ್ಟಿತು. "ಮಾಫ್ ಮಾಡ್ರಿ ಬೀಗರ" ಎಂದು ಕೈ ಮುಗಿದಳು.

ಬಕಾರಿಯವರು ಒಂದು ಸಲವೂ ನಡುವೆ ತಡೆಯಲಿಲ್ಲ. ದೊಡ್ಡ ದೊಡ್ಡ ಸೇನಾಧಿಪತಿಗಳ ಮಾತನ್ನು ಹೇಗೆ ಕೇಳಿದ್ದರೋ ಹಾಗೆಯೇ, ಕಣ್ಣು ಕದಲಿಸದೆ ಕೇಳಿದರು.

"ಅಮ್ಮನವರೇ, ಎಲ್ಲ ಹೇಳಿದಿರಾ?"

"ಹೇಳಿದೆ."

"ಇಷ್ಟು ನೇರವಾಗಿ ಹೇಳುವವರನ್ನು ನಾನು ಕಂಡದ್ದು ಕಡಿಮೆ. ಆದರೆ ಕ್ಷಮಿಸುವ ಅಧಿಕಾರ ನನಗಿಲ್ಲ. ನಾನು ನಡುವೆ ಕೂತವನು. ಆ ಮಾತು ಯಾರಿಗೆ ತಗುಲಿತೋ ಅವರು ಕ್ಷಮಿಸಬೇಕು. ನಿಮ್ಮ ಮಾತನ್ನು ಅವರಿಗೆ ಮುಟ್ಟಿಸುತ್ತೇನೆ."

ತಾಹೆರಾ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದಳು. "ಆ ಮನುಷ್ಯ ನೀವೇ" ಎಂದಳು.

ಅವರು ಅರ್ಧ ಮುಖದಲ್ಲಿ ನಕ್ಕರು. "ಎಲ್ಲರೂ ನನಗೆ ಹಾಗೆಯೇ ಹೇಳುತ್ತಾರೆ." ಸ್ವಲ್ಪ ಸುಧಾರಿಸಿಕೊಂಡು ಕೇಳಿದರು, "ಆತ ಕಠಿಣ ಮನುಷ್ಯನೇ?"

"ಇಲ್ಲ. ಬಹಳ ಮೃದು."

"ಹಾಗಾದರೆ ಹೆದರಬೇಡಿ. ಭೇಟಿಗೆ ನೀವು ಒಪ್ಪಿದ್ದೀರಿ ತಾನೆ?"

"ಒಪ್ಪಿದ್ದೇನೆ" ಎಂದಳು. ಅವರು ತೃಪ್ತಿಯಿಂದ ಕಣ್ಣು ಮುಚ್ಚಿದರು.

ಮರುದಿನ ಮತ್ತೆ ಹೋದಳು, ನಿದ್ದೆಯಲ್ಲಿದ್ದರು. ಅದರ ಮರುದಿನ ನಸುಕಿನ ಫಜರ್ ನಮಾಜಿನ ಹೊತ್ತಿಗೆ ಪ್ರಾಣ ಹೋಯಿತು.

ಜನಾಜಾ ನಮಾಜಿಗೆ ಎರಡೂ ಪಕ್ಷದವರು ಬಂದಿದ್ದರು. ಒಂದೇ ಸಾಲಿನಲ್ಲಿ ನಿಂತಿದ್ದರು ಎಂದು ಮುಯೀನ್ ಆಮೇಲೆ ಹೇಳಿದ. ಇಲ್ಲಿನ ವಾಡಿಕೆಯಂತೆ ಇಮಾಮರು ಸೇರಿದವರನ್ನು ಮೂರು ಸಲ ಕೇಳಿದರು, ಈ ಮೃತರು ಎಂಥವರು ಎಂದು. ಮೂರು ಸಲವೂ ಗಂಡಸರ ಸಾಲುಗಳು ಒಂದೇ ಕಂಠದಲ್ಲಿ "ಬಾಯಿಕ್" ಎಂದವು. ಒಳ್ಳೆಯವರು ಎಂದು. ಹಿಂದೆ ಹೆಂಗಸರ ಕಡೆ ನಿಂತಿದ್ದ ತಾಹೆರಾಳ ಬಾಯಿಂದ ಆ ಒಂದು ಪದವೂ ಹೊರಡಲಿಲ್ಲ.

ಮೂರನೆಯ ದಿನ ಸೊಸೆಯ ಎದುರು ಕೂತು ಎಲ್ಲ ಹೇಳಿಕೊಂಡಳು. ಝುಹುರಾ ತಲೆಯೆತ್ತದೆ ತಂದೆಯ ಜುಬ್ಬಾಗಳನ್ನು ಮಡಿಸುತ್ತಿದ್ದಳು.

"ಗೊತ್ತವ್ವ. ಮದುವೆಗೆ ಮುಂಚೇನೇ ಮುಯೀನ್ ಹೇಳಿದ್ರು. ಅದೇ ಮಾತು, ಹಾಗೇ."

"ಗೊತ್ತಿದ್ದೂ ನೀ ನನ್ನ ಕಾಲು ಒತ್ತಿದೆಲ್ಲ, ತಾಯಿ?"

"ಏನ್ ಮಾಡ್ಲಿ ಅವ್ವ? ಅಪ್ಪನ ಮಗಳು ನಾನು." ಅವಳ ದನಿ ಮುರಿಯಿತು. "ನನ್ನ ಕಡೆಯಿಂದ ಎಂದೋ ಮಾಫ್ ಆಗಿದೆ."

"ನಿಮ್ಮ ಅಪ್ಪಾರಿಗೆ ಹೇಳಿದ್ದಿ ಏನು?"

"ಇಲ್ಲ. ಅವರು ಕೇಳ್ಲೂ ಇಲ್ಲ."

ತಾಹೆರಾ ಸೊಸೆಯ ತಲೆ ನೇವರಿಸಿದಳು. "ನಿನ್ನ ಪಾಲಿಂದು ನೀ ಬಿಟ್ಟಿ. ಅವರ ಪಾಲಿಂದು ಅವರ ಕಡೆನ ಉಳೀತವ್ವಾ" ಎಂದಳು.

ಈಗ ಐದು ಹೊತ್ತಿನ ನಮಾಜಿನ ನಂತರ ಅವಳು ಕೈಯೆತ್ತಿದಾಗ ಮೊದಲು ಬೀಗರ ಹೆಸರು, ಆಮೇಲೆ ಗಂಡನ ಹೆಸರು. ತನಗಾಗಿ ಬೇಡಲು ನಾಲಿಗೆ ಹಿಂಜರಿಯುತ್ತದೆ. ಭೇಟಿಗೆ ಒಪ್ಪಿದ್ದೇನೆಂದು ಅವಳು ಮಾತು ಕೊಟ್ಟಿದ್ದಾಳೆ. ಅದು ತೀರ್ಪಿನ ದಿನ, ಅಲ್ಲಾಹನ ಸನ್ನಿಧಿಯಲ್ಲಿ ಎಂಬುದೂ ಅವಳಿಗೆ ಗೊತ್ತು. ಅಲ್ಲಿ ಬಕಾರಿಯವರು ನಡುವೆ ಕೂತಿರುವುದಿಲ್ಲ. ಎದುರಿಗೆ ನಿಂತಿರುತ್ತಾರೆ, ಹಕ್ಕುದಾರರಾಗಿ.