ಜೋಗಿಮಟ್ಟಿಯ ಮರಗಪ್ಪೆ

ಒದ್ದೆ ಕಲ್ಲಿನ ವಾಸನೆ, ಅದರ ಬೆನ್ನಿಗೇ ಕಾಲಡಿ ಜಜ್ಜಿಹೋದ ಕಾಚಿಹುಲ್ಲಿನದು — ಮೂಗು ಚುರುಕಾಗಿಯೇ ಇದೆ, ಕಣ್ಣೂ ಪರವಾಗಿಲ್ಲ, ಎಂದುಕೊಂಡರು ಡ್ರಾಯಿಂಗ್ ಮೇಷ್ಟ್ರು ಮೂರ್ತಪ್ಪ, ಮಹಾರಾಜರ ಪಟ್ಟಾಭಿಷೇಕದ ವರ್ಷ ಹೊಲಿಸಿದ ಕೋಟು ತೊಟ್ಟು, ಕಂದೀಲು ಹಿಡಿದು, ಜೋಗಿಮಟ್ಟಿಯ ಇಳಿಜಾರಿನಲ್ಲಿ ಹೆಂಡತಿಯ ಹಿಂದೆ ಹೆಜ್ಜೆ ಹಾಕುತ್ತ, ಕೆಳಗೆ ದುರ್ಗದ ಕೋಟೆ ಮಳೆ ನಿಂತ ಸಂಜೆಯಲ್ಲಿ ಮಿಂದ ಎಮ್ಮೆಯ ಹಾಗೆ ಮಲಗಿದೆ, ಮುಂದೆ ಪಾರ್ವತಮ್ಮ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಲ್ಲಿಂದ ಕಲ್ಲಿಗೆ, ಈ ವಯಸ್ಸಿನಲ್ಲಿ, ಮೊಣಕಾಲು ನೋವು ಎಂದು ನಿನ್ನೆಯಷ್ಟೇ ಎಣ್ಣೆ ಹಚ್ಚಿಕೊಂಡವಳು — ತಡೀರಿ, ಅಂದಳು, ಅಂದದ್ದು ಕೇಳಿಸಿತು, ಅವಳ ದನಿ ಕೇಳಿಸುತ್ತದೆ, ಗುಡುಗು ಕೇಳಿಸುತ್ತದೆ, ಸಣ್ಣ ದನಿಗಳೇ ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋದವು, ಮೊದಲು ಜೀರುಂಡೆ, ಆಮೇಲೆ ಗುಬ್ಬಿಮರಿ, ಆಮೇಲೆ ಅವಳ ಬಳೆ. ಯಾಕೆ ಪಾರ್ವತಿ, ಗಾಜಿನ ಬಳೆ ಬಿಟ್ಟೆಯಾ ಎಂದು ಹೋದ ಬೇಸಗೆಯಲ್ಲಿ ಕೇಳಿದ್ದರು, ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಬಳೆ ತುಂಬಿದ ಕೈಯನ್ನೇ ನೋಡಿಕೊಂಡು, ಇಲ್ಲಲ್ರಿ, ಅವೇ ಅವೆ, ಅಂದಿದ್ದಳು, ಅಷ್ಟೇ, ಮತ್ತೆ ಆ ಮಾತೆತ್ತಲಿಲ್ಲ, ಅವತ್ತಿನಿಂದ ಮಾತಾಡುವಾಗ ಒಂದು ಹೆಜ್ಜೆ ಹತ್ತಿರ ಬರುತ್ತಾಳೆ.

ಹೋದ ವಾರ ಇದೇ ಇಳಿಜಾರಿನಲ್ಲಿ, ಗಿಡ ನೋಡಿ ಚಿತ್ರ ಬರೆಯುತ್ತಿರುವಾಗ, ಎಲೆಯ ಮೇಲೆ ಅದು ಕೂತಿತ್ತು, ಹೆಬ್ಬೆರಳ ಉಗುರಿನಷ್ಟು ಕಪ್ಪೆ, ಬೆರಳ ತುದಿಗಳಲ್ಲಿ ದುಂಡು ಬಿಲ್ಲೆ, ಈ ಗುಡ್ಡದಲ್ಲಿ ಎಂದೂ ಕಾಣದ್ದು. ಅದನ್ನೂ ಬರೆದು, ಬೆಂಗಳೂರಿನಿಂದ ಬಂದು ಬಂಗಲೆಯಲ್ಲಿ ಇಳಿದಿದ್ದ ಪ್ರಾಣಿಶಾಸ್ತ್ರದ ಸಾಹೇಬರಿಗೆ ನಿನ್ನೆ ತೋರಿಸಿದರೆ, ಒಳ್ಳೆಯ ಮನುಷ್ಯರೇ, ಕುರ್ಚಿ ಕೊಟ್ಟು ಕೂರಿಸಿದರು, ಮೇಷ್ಟ್ರೇ, ಇದು ಮಲೆನಾಡಿನ ಮರಗಪ್ಪೆ, ಘಟ್ಟ ಬಿಟ್ಟು ಇಷ್ಟು ದೂರ ಯಾರೂ ಕಂಡಿಲ್ಲ, ಹೊಳಲ್ಕೆರೆ ದಾರಿಯಲ್ಲಿ ಅಡಿಕೆ ಗಾಡಿ ಹತ್ತಿ ಒಂದು ಬಂದಿರಬೇಕು, ಪಾಪ, ಒಂಟಿ ಪರದೇಶಿ. ಇಲ್ಲಿಯದೇ ಆದರೆ ಗಂಡು ಕೂಗಬೇಕು, ಸುತ್ತ ಬೇರೆಯವು ಉತ್ತರ ಕೊಡಬೇಕು, ಟಿಕ್ ಟಿಕ್ ಎಂದು, ತೀರ ಸಣ್ಣಗೆ, ಕೇಳಿದ್ದೀರಾ? — ಕೇಳಿದ್ದೇನೆ ಎನ್ನಲು ಬಾಯಿ ಬರಲಿಲ್ಲ, ಕಿವಿ ಹೋಗಿದೆ ಎನ್ನಲೂ ಬರಲಿಲ್ಲ, ಇಷ್ಟು ವರ್ಷ ತಿರುಗಿದ ಗುಡ್ಡ, ಗಿಡಗಿಡವನ್ನೂ ಬರೆದ ಗುಡ್ಡ, ಅದರಲ್ಲಿ ಯಾರ ಮನೆ ಇದೆ ಎಂದು ಹೇಳಲು ತನಗೇ ಆಗದೆ ಹೋಯಿತಲ್ಲ, ಮನೆಗೆ ಬಂದು ಉಣ್ಣದೆ ಕೂತರು, ಎಲ್ಲವನ್ನೂ ಹೇಳಿಬಿಟ್ಟರು, ಕಿವಿಯದನ್ನೂ. ಪಾರ್ವತಮ್ಮ ತಟ್ಟೆ ಮುಂದೆ ನೂಕಿ, ನನ್ ಕಿವಿ ಐತಲ್ರಿ, ಉಣ್ರಿ, ನಾಳೆ ಹೋಗಾಣ, ಅಂದಳು, ಉಪ್ಪು ತರಲು ಹೋಗುವವಳ ಹಾಗೆ.

ಈಗ ಅವಳು ತಲೆ ವಾರೆ ಮಾಡಿ ನಿಂತಿದ್ದಾಳೆ, ಬಾಯಿ ಚೂರು ತೆರೆದಿದೆ, ಏನಾದರೂ — ಸುಮ್ಕಿರ್ರಿ — ಅವಳ ಕೈ ಬಂದು ಮುಂಗೈ ಹಿಡಿಯಿತು, ತೋರುಬೆರಳು ನಾಡಿಯ ಮೇಲೆ ಒಮ್ಮೆ ಬಿತ್ತು, ಮತ್ತೊಮ್ಮೆ, ಏನಿದು ಎಂದು ನೋಡಿದರೆ, ಕೂಗ್ತೈತೆ, ಹಿಂಗೇ ಕೂಗ್ತೈತೆ, ಅಂದಳು ಕಿವಿಯ ಹತ್ತಿರ, ಮತ್ತೆ ಬೆರಳು, ಸದ್ದಿಲ್ಲದ ಇಡೀ ಗುಡ್ಡ ಆ ಬೆರಳಿನಿಂದ ಒಳಗೆ ಇಳಿಯುತ್ತಿದೆ, ಬೆರಳು ನಿಂತರೆ ಇಬ್ಬರೂ ನಿಲ್ಲುತ್ತಾರೆ, ಬಿದ್ದರೆ ನಡೆಯುತ್ತಾರೆ, ಬಗ್ಗಿ, ಮುಳ್ಳು ಸರಿಸಿ, ಕಂದೀಲು ಎತ್ರಿ — ಎತ್ತಿದರು, ಎಲೆಯ ತುದಿಯಲ್ಲಿ ಕೂತಿದೆ, ಗಂಟಲು ಗುಳ್ಳೆಯ ಹಾಗೆ ಉಬ್ಬಿತು, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ, ಅದೇ ಕ್ಷಣಕ್ಕೆ ಬೆರಳು ಬಿತ್ತು. ಬಲಕ್ಕೊಂದು, ಅಂದಳು, ನಡುಬೆರಳೂ ಬಡಿಯತೊಡಗಿತು, ಮ್ಯಾಲಿನ ಪೊದೆಯಾಗೆ ಎಲ್ಡವೆ, ಉಂಗುರದ ಬೆರಳು, ಕಿರುಬೆರಳು, ಒಂಟಿ ಅಲ್ಲ ಬಿಡ್ರಿ, ಸಂಸಾರಸ್ಥ ಐತೆ; ಮೇಷ್ಟ್ರಿಗೆ ನಗು ಬಂತು, ಕಣ್ಣೂ ತುಂಬಿತು, ಹಿಡಿಯಾಕೆ ಹೋಗಬ್ಯಾಡ್ರಿ, ಸಾಹೇಬ್ರನ್ನೇ ಕರ್ಕಂಡ್ ಬರಾಣ, ಕೇಳ್ಲಿ; ಹೌದು, ನಾಳೆ ಬಂಗಲೆಗೆ ಹೋಗಿ ಹೇಳಬೇಕು, ನನಗೆ ಕೇಳಿಸುವುದಿಲ್ಲ ಸ್ವಾಮಿ, ನನ್ನ ಹೆಂಡತಿ ಕೇಳಿದ್ದಾಳೆ, ಎಷ್ಟು ಸಲೀಸು ಮಾತು, ಯಾಕೆ ಅಷ್ಟು ಭಾರವಾಗಿತ್ತು, ಹೇಳುತ್ತಾರೆ, ಸಾಹೇಬರು ಬರುತ್ತಾರೆ, ಆಮೇಲೆ — ಆಮೇಲಿನದು ಮನಸ್ಸಿಗೆ ಬರುತ್ತಿಲ್ಲ, ಕಪ್ಪೆಯ ಗಂಟಲು ಉಬ್ಬುತ್ತದೆ, ಬೆರಳು ಬೀಳುತ್ತದೆ, ಗಂಟಲು, ಬೆರಳು, ತೆಳ್ಳನೆಯ ಬೆಳಕು ತುಂಬಿದ ಗಂಟಲು —