ಪುಣೆಯ ಸಂಬಂಧ

ಅಪ್ಪ ಕಲ್ಲಣ್ಣನ ಎದುರು ಬಾಯಿ ಬಿಡುವ ಧೈರ್ಯ ರೂಪಾಲಿಗೆ ಹುಟ್ಟಿದಾಗಿನಿಂದ ಇಲ್ಲ. ಸೊಲ್ಲಾಪುರದಲ್ಲಿ ಬಿ.ಕಾಂ., ಬೆಳಿಗ್ಗೆ ಅಕ್ಕಲಕೋಟದಿಂದ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ವಾಪಸ್ಸು ಎಂದು ಅವನು ತೀರ್ಮಾನಿಸಿ ಆಗಿತ್ತು. ಇವಳೋ, ಯಾರಿಗೂ ಹೇಳದೆ ಪುಣೆಯ ಕಾಲೇಜೊಂದರ ಪರೀಕ್ಷೆ ಬರೆದು ಸೀಟು ಗಿಟ್ಟಿಸಿ ಕೂತಿದ್ದಳು. ಸೀಟು ಸಿಕ್ಕವರನ್ನೆಲ್ಲ ಕಾಲೇಜಿನವರು ಮೊಬೈಲಿನಲ್ಲೇ ಒಮ್ಮೆ ವಿಡಿಯೋ ಕಾಲಿಗೆ ಸೇರಿಸಿದ್ದರು. ಉಳಿದವರು ಅರಳು ಹುರಿದಂತೆ ಇಂಗ್ಲಿಷು ಮಾತಾಡಿದರೆ, ಇವಳು ಹೆಸರಷ್ಟೇ ಹೇಳಿ ಕ್ಯಾಮೆರಾ ಮುಚ್ಚಿಬಿಟ್ಟಳು. ಇವತ್ತು ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಆ ಸೀಟು ಬೇರೆಯವರ ಪಾಲು.

ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಗುರುಲಿಂಗಮ್ಮನ ಕಿವಿಯಲ್ಲಿ ಉಸುರಿದಳು.

"ಆಯಿ, ಪುಣೆದಾಗ ನನಗ ಅಂತರರಾಷ್ಟ್ರೀಯ ಸಂಬಂಧ ಸಿಕ್ಕದ. ಇವತ್ತ ಹೂಂ ಅನ್ನಬೇಕು. ಅಪ್ಪಗ ನೀನ ಹೇಳ."

ಅಜ್ಜಿಯ ಕೈಯಲ್ಲಿದ್ದ ರೊಟ್ಟಿ ಹರಿಯಿತು. "ಯವ್ವಾ, ಇದೇನ ಮಾಡಿದಿ," ಎನ್ನುತ್ತ ಹಿಟ್ಟಿನ ಕೈಯಲ್ಲೇ ಕೊಟ್ಟಿಗೆಯ ಕಡೆ ನಡೆದಳು. ಪುಣ್ಯಾತಗಿತ್ತಿ ಅಲ್ಲಿ ಏನು ಹೇಳಿದಳೋ ಏನೋ. ಒಳಗೆ ಬಂದ ಅಪ್ಪನ ಮುಖ ನೋಡಿ ರೂಪಾಲಿ ಗೋಡೆಗೆ ಸರಿದಳು.

"ಚಪ್ಪಲಿ ಹಾಕ್ಕೊ. ಸೊಲ್ಲಾಪುರಕ್ಕ ಹೋಗೂಣು."

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಬೈಯುವ ಅಪ್ಪ ಅವಳಿಗೆ ಗೊತ್ತು. ಸುಮ್ಮನೆ ಕೂತ ಅಪ್ಪನನ್ನು ನೋಡಿದ್ದೇ ಇಲ್ಲ. ಕಂಡಕ್ಟರ್ ಮರಾಠಿಯಲ್ಲಿ ಮತ್ತೆ ಮತ್ತೆ ಕೇಳಿದ ಮೇಲೆ ಅವನು ಟಿಕೆಟ್ಟಿಗೆ ಕೈ ಚಾಚಿದ. ಬಿ.ಕಾಂ. ಕಾಲೇಜಿನ ಸ್ಟಾಪು ಬಂತು, ಹೋಯಿತು.

"ಅಪ್ಪಾ, ಕಾಲೇಜ ದಾಟಿತು."

"ಕೂಡು."

ಪುಣೆ ಹೋಗಲಿ, ಸೊಲ್ಲಾಪುರದ ಕಾಲೇಜೂ ಕೈಬಿಟ್ಟಿತಲ್ಲ. ನವಿ ಪೇಠ ಬಜಾರಿನಲ್ಲಿ, ಬಟ್ಟೆ ಅಂಗಡಿಗಳ ಹಿಂದಿನ, ಊರವರ ಕಣ್ಣಿಗೆ ಬೀಳದ ಚಹಾ ಹೋಟೆಲಿನ ಮೂಲೆಯಲ್ಲಿ ಅಪ್ಪ ಅವಳನ್ನು ಕೂರಿಸಿದ. ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

"ಹುಡುಗ ಯಾರು?"

"ಯಾವ ಹುಡುಗ ಅಪ್ಪಾ?"

"ಸುಳ್ಳ ಹೇಳಬ್ಯಾಡ ಪೋರಿ. ಪುಣೆದಾಗ ಹೊರದೇಶದ ಸಂಬಂಧ ಕೂಡ್ಯದಂತ, ಇವತ್ತ ಹೂಂ ಅಂತಿಯಂತ. ಆಯಿ ಮುಂದ ನೀನ ಹೇಳಿಯಂತಲ್ಲ."

ಶಿವನೇ, ಆ ಕಾಲೇಜಿನವರಿಗೆ ಬೇರೆ ಶಬ್ದವೇ ಸಿಗಲಿಲ್ಲವೇ. ರೂಪಾಲಿ ಮೊಬೈಲು ತೆಗೆದು ಕಾಲೇಜಿನ ಪುಟವನ್ನು ಅವನ ಮುಂದೆ ಹಿಡಿದಳು.

"ಲಗ್ನದ್ದಲ್ಲ ಅಪ್ಪಾ. ಒಂದ ದೇಶಕ್ಕೂ ಇನ್ನೊಂದ ದೇಶಕ್ಕೂ ಇರೂ ಸಂಬಂಧ. ಯುದ್ಧ, ವ್ಯಾಪಾರ, ಒಪ್ಪಂದ, ಅದನ್ನ ಕಲಿಸ್ತಾರ. ಓದಾಕ ಸೀಟ ಸಿಕ್ಕದ."

ಮರಾಠಿಯಲ್ಲಿದ್ದ ಆ ಪುಟವನ್ನು ಕಲ್ಲಣ್ಣ ತಾನೇ ಅಕ್ಷರ ಕೂಡಿಸಿ ಓದಿದ. ಟೋಪಿ ತೆಗೆದು ಮುಖ ಒರೆಸಿಕೊಂಡ. ಆಮೇಲೆ ನಕ್ಕ. ಕಣ್ಣಲ್ಲಿ ನೀರಿತ್ತು.

"ಓದೂದ? ಇಷ್ಟ ಏನ? ಹೋಗಿ ಓದ. ಹಾಸ್ಟೆಲ್‌ನಾಗ ಇರು. ಈಗ ಹೂಂ ಅನ್ನು, ನನ್ನ ಮುಂದ."

ಪುಟದ ಕೆಳಗೆ ಒಪ್ಪಿಗೆಯ ಹಸಿರು ಗುಂಡಿ. ರೂಪಾಲಿಯ ಬೆರಳು ಮೇಲೇಳಲಿಲ್ಲ. ಇಷ್ಟು ದಿನ ಅಪ್ಪನಿಗೇ ಹೆದರುತ್ತಿದ್ದೇನೆ ಎಂದುಕೊಂಡಿದ್ದಳು. ಅಪ್ಪ ಬೇಡ ಅನ್ನುತ್ತಾನೆ, ತಾನು ಎರಡು ದಿನ ಅತ್ತು ಬಿ.ಕಾಂ. ಸೇರುತ್ತೇನೆ, ತಪ್ಪೆಲ್ಲ ಅವನ ತಲೆಗೆ ಎಂದು ಒಳಗೊಳಗೇ ನೆಚ್ಚಿಕೊಂಡಿದ್ದಳು. ಆ ಇಂಗ್ಲಿಷಿನ ಹುಡುಗರ ನಡುವೆ ಹೋಗಿ ಕೂರುವುದನ್ನು ತಪ್ಪಿಸಲು ಈಗ ಯಾರೂ ಉಳಿದಿರಲಿಲ್ಲ.

"ಯಾಕ, ಒತ್ತು."

"ಅಪ್ಪಾ, ನನಗ ಅಂಜಿಕಿ ಬರಾಕತ್ತದ."

ಕಲ್ಲಣ್ಣ ಆರಿದ ಚಹಾವನ್ನು ಅವಳ ಕಡೆ ಸರಿಸಿದ.

"ನನಗೂ ಬರಾಕತ್ತದ," ಎಂದ.

ಅವಳು ಒತ್ತಿದಳು.